ಗಡಿಯಾಚೆ ತಿರುಗಿದ ಸುರಂಗ

ಕಳೆದ ಆಟಿ ತಿಂಗಳ ಮಳೆಯಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಅವರು ಹೋದ ಮೇಲೆ ನನಗೆ ಗೊತ್ತಾದ ಸಂಗತಿಗಳಲ್ಲಿ ಒಂದು, ಮೂವತ್ತು ವರ್ಷ ನಾನು ಕುಡಿದ ನೀರು ಯಾವ ದಾರಿಯಲ್ಲಿ ಮನೆಗೆ ಬರುತ್ತಿತ್ತೆಂಬುದು ನನಗೆ ತಿಳಿದಿರಲಿಲ್ಲ ಎನ್ನುವುದು.

ನಮ್ಮ ಮನೆ ಜಾಲ್ಸೂರಿನ ಹತ್ತಿರ, ಗುಡ್ಡದ ಬುಡದಲ್ಲಿದೆ. ಗುಡ್ಡದ ಅರ್ಧಕ್ಕೆ ಗಡಿಕಲ್ಲು, ಅಲ್ಲಿಂದ ಮೇಲೆ ಕೇರಳ. ಈ ಕಡೆಯಲ್ಲಿ ನೀರಿಗೆ ಬಾವಿ ತೋಡುವುದಕ್ಕಿಂತ ಸುರಂಗ ಕೊರೆಯುವ ರೂಢಿ ಹೆಚ್ಚು. ಒಬ್ಬ ಬಗ್ಗಿ ಹೋಗುವಷ್ಟು ಜಾಗ ಮಾಡಿಕೊಂಡು ಗುಡ್ಡದೊಳಗೆ ಅಡ್ಡಲಾಗಿ ಅಗೆಯುತ್ತಾರೆ. ಮುರಕಲ್ಲಿನ ಕೆಂಪು ಪದರ ದಾಟಿ ಮೆತ್ತಗಿನ ಶೇಡಿಮಣ್ಣು ಸಿಕ್ಕಿದಲ್ಲಿ ನೀರು ಒಸರುತ್ತದೆ, ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಸುರಂಗವನ್ನು ಯಜಮಾನರೇ ಮದುವೆಗೆ ಮೊದಲು ಮೂರು ಬೇಸಿಗೆ ಕೂತು ಕೊರೆದಿದ್ದರು. ನಾನು ಒಮ್ಮೆಯೂ ಒಳಗೆ ಹೋಗಿರಲಿಲ್ಲ.

ಗಡಿಕಲ್ಲಿನ ಮೇಲಿನ ಜಾಗದಲ್ಲಿ ಈಗ ಬ್ಯಾರಿ ಮುಸ್ಲಿಮರೊಬ್ಬರು ಮನೆ ಕಟ್ಟುತ್ತಿದ್ದಾರೆ, ಅವರನ್ನು ನಾವು ಬ್ಯಾರಿಗಳು ಎಂದೇ ಕರೆಯುವುದು. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಬಂದವರು. ಒಂದು ಶುಕ್ರವಾರ ಸಂಜೆ ಅವರು ಇಳಿದು ಬಂದು, ಸೋಮವಾರ ಜೆಸಿಬಿ ಬರುತ್ತದೆ, ಕಕ್ಕಸಿನ ಗುಂಡಿ ತೋಡಬೇಕು, ನಿಮ್ಮ ಸುರಂಗ ಎಲ್ಲಿ ಹೋಗಿದೆ ಎಂದು ತೋರಿಸಿದರೆ ಅಷ್ಟು ಜಾಗ ಬಿಟ್ಟು ತೋಡಿಸುತ್ತೇನೆ ಎಂದರು. ಅವರು ಮನೆಗಾಗಿ ಗುಡ್ಡವನ್ನು ತಗ್ಗಿಸಿ ಸಮ ಮಾಡಿದ್ದರು. ಸುರಂಗದ ಮಾಡು ಮೇಲಿನ ನೆಲಕ್ಕೆ ಎಷ್ಟು ಹತ್ತಿರ ಬಂದಿದೆಯೋ ಯಾರಿಗೂ ಗೊತ್ತಿಲ್ಲ. ಮೇಲೆ ಕುಸಿದರೆ ನಮ್ಮ ನೀರು ನಿಂತಿತು. ಗುಂಡಿಯೇ ಸುರಂಗಕ್ಕೆ ತೆರೆದುಕೊಂಡರೆ ಬರುವ ನೀರನ್ನು ಬಾಯಿಗೆ ಹಾಕುವ ಹಾಗಿಲ್ಲ.

"ಇಷ್ಟು ವರ್ಷ ನೀವು ಪಾಸ್‌ಪೋರ್ಟ್ ಇಲ್ಲದೆ ನಮ್ಮ ರಾಜ್ಯದ ನೀರು ಕುಡಿದದ್ದಲ್ವಾ ಅಕ್ಕ" ಎಂದು ಅವರು ನಕ್ಕರು. ಚಾ ಕುಡಿದು ಹೋದರು.

ಶನಿವಾರ ನಾನು ಟ್ರಂಕಿನಿಂದ ಜಾಗದ ಕಾಗದಗಳನ್ನು ತೆಗೆದೆ. ನಕ್ಷೆಯಲ್ಲಿ ನಮ್ಮ ತೋಟವಿತ್ತು, ನೀರು ಹರಿಯುವ ತೋಡು ಇತ್ತು, ಗಡಿಯ ಗೆರೆಯೂ ಇತ್ತು. ಗೆರೆಯ ಆಚೆ ಬರಿ ಬಿಳಿ. ಗುಡ್ಡ ಅಲ್ಲಿಗೇ ಮುಗಿಯಿತೇನೋ ಎಂಬ ಹಾಗೆ. ಬ್ಯಾರಿಗಳು ತಮ್ಮ ನಕ್ಷೆ ತಂದು ತೋರಿಸಿದರು, ಅದರಲ್ಲಿ ನಮ್ಮ ಕಡೆ ಬಿಳಿ. ನನಗೆ ವಿಚಿತ್ರವೆನಿಸಿತು. ನಾನು ಹುಟ್ಟಿದ್ದು ನಮ್ಮ ನಕ್ಷೆಯ ಆ ಬಿಳಿಯಲ್ಲಿ, ಗುಡ್ಡದ ಆಚೆ. ಹತ್ತನೇ ಕ್ಲಾಸಿನ ತನಕ ಓದಿದ್ದೂ ಅಲ್ಲಿಯ ಕನ್ನಡ ಶಾಲೆಯಲ್ಲಿ. ನನ್ನ ಅಜ್ಜನಿಗೆ ಎರಡೂ ಒಂದೇ ಜಿಲ್ಲೆಯಾಗಿತ್ತು. ಭಾಷೆ ನೋಡಿ ರಾಜ್ಯ ಮಾಡಿದಾಗ ಕಾಸರಗೋಡು ಆಚೆ ಹೋಯಿತು. ಅಜ್ಜ ಮಾತ್ರ ಸಾಯುವ ತನಕ ಎರಡೂ ಕಡೆಯ ಸಂತೆಗೆ ಒಂದೇ ಚೀಲ ಹಿಡಿದು ಹೋಗುತ್ತಿದ್ದ.

ನಮ್ಮ ಯಜಮಾನರಿಗೆ ಇಂಥದ್ದರಲ್ಲಿ ಬಹಳ ಆಸಕ್ತಿ ಇತ್ತು. ಪುತ್ತೂರಿಗೆ ಬಸ್ಸಿನಲ್ಲಿ ಹೋಗುವಾಗ ಒಂದು ಏರು ಬಂದರೆ ನನ್ನ ಮೊಣಕೈ ಮುಟ್ಟಿ, ಇಲ್ಲಿಂದ ಆಚೆ ಬಿದ್ದ ಮಳೆ ನೇತ್ರಾವತಿ ಸೇರಿ ಮಂಗಳೂರಿಗೆ, ಈಚೆ ಬಿದ್ದದ್ದು ಪಯಸ್ವಿನಿಯಲ್ಲಿ ಕಾಸರಗೋಡಿಗೆ ಎನ್ನುತ್ತಿದ್ದರು. ಪ್ರತಿ ಸಲವೂ ಹೇಳುತ್ತಿದ್ದರು. ನಾನು ಪ್ರತಿ ಸಲವೂ ಹೂಂ ಎನ್ನುತ್ತಿದ್ದೆ. ಆ ಏರು ಯಾವುದೆಂದು ಈಗ ಹುಡುಕಿದರೆ ಮೂರು ಏರುಗಳು ಒಂದೇ ಹಾಗೆ ಕಾಣುತ್ತವೆ.

ಸುರಂಗ ಕೊರೆಯುವಾಗ ಮಣ್ಣು ಹೊರಹಾಕಿದ್ದು ನನ್ನ ಮೈದುನ. ಭಾನುವಾರ ಅವನನ್ನು ಕರೆಸಿದೆ. ಅವನಿಗೆ ಸಂಶಯವೇ ಇರಲಿಲ್ಲ.

"ನೇರ ಉಂಟು ಅತ್ತಿಗೆ, ನೂಲು ಹಿಡಿದ ಹಾಗೆ. ಮೂರು ಬೇಸಿಗೆ ಹೋಗಿ ಬಂದವ ನಾನು."

ಉದ್ದಕ್ಕೆ ಎಷ್ಟು ಹಗ್ಗ ಬೇಕೆಂದು ಅವನಿಗೆ ನೆನಪಿತ್ತು. ಸುರಂಗದ ಬಾಯಿಯಿಂದ ಗುಡ್ಡದ ಮೇಲಕ್ಕೆ ಹಗ್ಗವನ್ನು ನೇರ ಎಳೆದ. ಗಡಿಕಲ್ಲು ದಾಟಿ, ಬ್ಯಾರಿಗಳ ಜಾಗದ ಒಂದು ಮೂಲೆಯಲ್ಲಿ ಗೂಟ ಹೊಡೆದ. ಗುಂಡಿಗೆ ಗುರುತು ಮಾಡಿದ ಜಾಗ ಅಲ್ಲಿಂದ ಎಷ್ಟೋ ದೂರವಿತ್ತು. ಇನ್ನು ಹೆದರಿಕೆ ಇಲ್ಲ ಎಂದು ಬ್ಯಾರಿಗಳು ಕೈ ಒರೆಸಿಕೊಂಡರು.

ನನಗೆ ಸಮಾಧಾನವಾಗಲಿಲ್ಲ. ನಮ್ಮ ಯಜಮಾನರು ಗಡಸು ಕಲ್ಲು ಸಿಕ್ಕಿದರೆ ಅದರ ಮೇಲೆ ಹಟ ಮಾಡುವವರಾಗಿರಲಿಲ್ಲ, ಬಳಸಿ ಹೋಗುವವರು. ಒಳಗೆ ಹೋಗಿ ನೋಡುತ್ತೇನೆ ಎಂದೆ. ಮೈದುನ ಬೇಡವೆಂದ, ತಾನೇ ಹೋಗುತ್ತಿದ್ದೆ, ಆದರೆ ತನ್ನ ಮೊಣಕಾಲು ಮಡಚಲಿಕ್ಕೆ ಆಗುವುದಿಲ್ಲ ಎಂದ. ಕೊನೆಗೆ ಒಂದು ಹಾರೆಯನ್ನೂ ಹಚ್ಚಿದ ಮೇಣದಬತ್ತಿಯನ್ನೂ ಕೊಟ್ಟ. ಬೆಂಕಿ ಸಣ್ಣಗಾದರೆ ಗಾಳಿ ಇಲ್ಲವೆಂದು ಲೆಕ್ಕ, ಮತ್ತೆ ಒಂದು ಹೆಜ್ಜೆಯೂ ಮುಂದಿಡಬಾರದು ಎಂದು ಎರಡು ಸಲ ಹೇಳಿದ.

ಒಳಗೆ ಪಾದ ಮುಳುಗುವಷ್ಟು ನೀರು, ಆದರೆ ನಾನು ಅಂದುಕೊಂಡಷ್ಟು ತಂಪಿರಲಿಲ್ಲ. ಗೋಡೆಯ ತುಂಬ ಪಿಕ್ಕಾಸಿನ ಗುರುತುಗಳಿದ್ದವು. ಒಂದೊಂದೂ ಬಲದಿಂದ ಎಡಕ್ಕೆ ಇಳಿದಿತ್ತು, ನಿನ್ನೆ ಹೊಡೆದ ಹಾಗೆ ಹಸಿಯಾಗಿತ್ತು. ಕೈಯಿಟ್ಟು ನೋಡಿದೆ. ಮದುವೆಗೆ ಮೊದಲಿನ ಅವರ ತೋಳು ಹೇಗಿತ್ತೆಂದು ನನಗೆ ಗೊತ್ತಿಲ್ಲ. ಇಷ್ಟು ದೊಡ್ಡ ಬೀಸು ಇತ್ತೆಂದು ಈಗ ಗೊತ್ತಾಯಿತು.

ಮುಂದೆ ಬಲಕ್ಕೆ ಕಪ್ಪು ಕಲ್ಲಿನ ಮುಖ ಬಂತು. ಸುರಂಗ ಅದನ್ನು ಬಿಟ್ಟು ಎಡಕ್ಕೆ ತಿರುಗಿತ್ತು. ಎಷ್ಟು ನಿಧಾನವಾಗಿ ತಿರುಗಿತ್ತೆಂದರೆ, ಹಿಂದೆ ನೋಡಿ ಬಾಯಿಯ ಬೆಳಕು ಕಾಣದೆ ಹೋದಾಗಲೇ ನನಗೆ ತಿಳಿದದ್ದು. ಮೈದುನನ ತಪ್ಪು ಆಗ ಅರ್ಥವಾಯಿತು. ಒಳಗೆ ತಿರುಗಲು ಜಾಗವಿಲ್ಲ. ಅವನು ಮಣ್ಣು ತುಂಬಿದ ಅಡಿಕೆ ಹಾಳೆಯನ್ನು ಎಳೆದುಕೊಂಡು ಮೂರು ಬೇಸಿಗೆಯೂ ಹಿಮ್ಮುಖವಾಗಿ ಹೊರಗೆ ಬಂದವನು. ಹಿಂದೆ ಹಿಂದೆ ನಡೆಯುವವನಿಗೆ ಕತ್ತಲಲ್ಲಿ ಎಲ್ಲ ದಾರಿಯೂ ನೇರವೇ.

ಕೊನೆಯಲ್ಲಿ ಶೇಡಿಮಣ್ಣಿನ ಗೋಡೆಯಿಂದ ನೀರು ಹನಿಯುತ್ತಿತ್ತು. ಬತ್ತಿಯ ಬೆಂಕಿ ಚೆನ್ನಾಗಿಯೇ ಇತ್ತು. ಮೊದಲೇ ಮಾತಾಡಿಕೊಂಡಂತೆ, ಹಾರೆಯ ಹಿಂಭಾಗದಿಂದ ಪಕ್ಕದ ಕಲ್ಲಿಗೆ ಮೂರು ಮೂರು ಪೆಟ್ಟು ಹೊಡೆದೆ. ಮೈದುನನೂ ಬ್ಯಾರಿಗಳೂ ಮೇಲೆ ನೆಲಕ್ಕೆ ಕಿವಿ ಕೊಟ್ಟು ಆ ಸದ್ದು ಹುಡುಕಬೇಕಿತ್ತು.

ನಾನು ಹೊರಗೆ ಬಂದು ಮೇಲೆ ಹತ್ತಿದಾಗ ಇಬ್ಬರೂ ಗೂಟ ಬಿಟ್ಟು ದೂರ ನಿಂತಿದ್ದರು. ಪೆಟ್ಟು ಕೇಳಿಸಿದ್ದು ಗೂಟದ ಹತ್ತಿರವಲ್ಲ, ಗುಂಡಿಯ ಗುರುತಿನ ನಡುಮಧ್ಯದಲ್ಲಿ. ಬ್ಯಾರಿಗಳ ಕೆನ್ನೆಗೆ ಇನ್ನೂ ಮಣ್ಣು ಹತ್ತಿತ್ತು.

"ನೂಲು ಹಿಡಿದ ಹಾಗೆ ಅಂದ್ರಲ್ಲ ಮಾರಾಯ್ರೆ" ಎಂದು ಅವರು ಮೈದುನನಿಗೆ ಹೇಳಿದರು. ಅವನು ಮೊಣಕಾಲು ತಿಕ್ಕಿಕೊಂಡ.

ಅಲ್ಲಿ ತೋಡದಿದ್ದರೆ ಅವರಿಗೆ ಉಳಿದದ್ದು ಮನೆಯ ಮುಂದಿನ ಜಾಗ ಮಾತ್ರ. ಅಲ್ಲಿ ಅವರ ಹೆಂಡತಿ ಹೂವಿನ ಗಿಡ ಇಡಬೇಕೆಂದಿದ್ದರು. ಬ್ಯಾರಿಗಳು ಸ್ವಲ್ಪ ದೂರ ಹೋಗಿ ಹೆಂಡತಿಯೊಡನೆ ಫೋನಿನಲ್ಲಿ ಬಹಳ ಹೊತ್ತು ಬ್ಯಾರಿ ಭಾಷೆಯಲ್ಲಿ ಮಾತಾಡಿದರು. ಬಂದು, ಗುಂಡಿ ಮನೆಯ ಮುಂದೆಯೇ ಆಗಲಿ, ಮೇಲೆ ಸ್ಲ್ಯಾಬ್ ಹಾಕಿ ಮಣ್ಣಿನ ಚಟ್ಟಿಯಲ್ಲಿ ಹೂ ಇಡುತ್ತಾಳಂತೆ ಎಂದರು.

ಸೋಮವಾರ ಜೆಸಿಬಿಯ ಸದ್ದು ಶುರುವಾದಾಗ ನಾನು ಸುರಂಗದ ಬಾಯಿಯಲ್ಲಿ ಕೂತಿದ್ದೆ. ಹತ್ತು ಗಂಟೆಗೆ ನೀರು ಕೆಂಪಗಾಯಿತು. ಗುಡ್ಡ ಅದುರಿ ಒಳಗೆ ಎಲ್ಲಿಯೋ ಮಣ್ಣು ಉದುರಿರಬೇಕು. ಮಧ್ಯಾಹ್ನ ನೂಲಿನಷ್ಟು ಸಪೂರವಾಯಿತು. ಊಟಕ್ಕೆ ಏಳಲಿಲ್ಲ. ಮೇಲೆ ಸದ್ದು ನಿಂತು ಬಹಳ ಹೊತ್ತಾದ ಮೇಲೆ ನೀರು ಮೊದಲಿನಷ್ಟೇ ದಪ್ಪಕ್ಕೆ ಬಂತು, ಆಮೇಲೆ ನಿಧಾನವಾಗಿ ಬಣ್ಣ ಬಿಟ್ಟಿತು.

ಬ್ಯಾರಿಗಳು ಗಡಿಕಲ್ಲಿನ ಹತ್ತಿರ ನಿಂತು ಕೂಗಿ ಕೇಳಿದರು.

"ಅಕ್ಕಾ, ನೀರು ಉಂಟಾ?"

ಬೊಗಸೆಯಲ್ಲಿ ಹಿಡಿದು ಕುಡಿದು ನೋಡಿದೆ. ಸ್ವಲ್ಪ ಮಣ್ಣಿನ ರುಚಿ ಇತ್ತು.

"ಉಂಟು" ಎಂದೆ.