ಸಿದ್ದಲಿಂಗವ್ವನ ಊಟದ ಹೊತ್ತು

ನಮ್ಮ ಅತ್ತಿಗೆ, ನಾನು ವೈನಿ ಎಂದು ಕರೆಯುತ್ತಿದ್ದ ಸಿದ್ದಲಿಂಗವ್ವ, ತೊರಗಲ್ಲಿನಿಂದ ಕಟಕೋಳಕ್ಕೆ ಸೊಸೆಯಾಗಿ ಬಂದಾಗ ನಾನು ಹೊಸದಾಗಿ ಶಾಲಾ ಮಾಸ್ತರನಾಗಿದ್ದೆ. ಆಕೆಯ ಬಾಯಿ ಜೋರು. ನನ್ನ ಸಣಕಲು ಮೈ ನೋಡಿ, "ಮಾಸ್ತರ್ರ, ಗಾಳಿ ಬಿಟ್ರ ಗ್ವಾಡಿ ಹಿಡಕೊಂಡು ನಿಂದರ್ರಿ" ಎಂದು ಮನೆಯನ್ನೆಲ್ಲ ನಗಿಸಿದವಳು. ರೊಟ್ಟಿ ಬಡಿಯಲು ಕೂತರೆ ಐವತ್ತು ಮುಗಿಸಿಯೇ ಏಳುತ್ತಿದ್ದಳು.

೧೯೯೭ರ ಬೇಸಿಗೆಯಲ್ಲಿ ಆ ಕೈ ಸೋತಿತು. ಮುಂಜಾನೆ ನೆಟ್ಟಗಿದ್ದವಳಿಗೆ ಮಧ್ಯಾಹ್ನ ರೆಪ್ಪೆ ಜೋತುಬೀಳುತ್ತಿತ್ತು. ಸಂಜೆಗೆ ಮಾತು ಮೂಗಿನಲ್ಲಿ ಬರುತ್ತಿತ್ತು, ತುತ್ತು ಅಗಿಯುತ್ತಲೇ ದವಡೆ ನಿಂತುಬಿಡುತ್ತಿತ್ತು. ರಾತ್ರಿ ಮಲಗಿ ಎದ್ದರೆ ಮತ್ತೆ ಸರಿ. ನಮ್ಮವ್ವ ಬಾಯವ್ವ, "ಕುಣೀಲಿಕ್ಕೆ ಬಾರದಾಕಿ ಅಂಗಳ ಡೊಂಕು ಅಂದ್ಲಂತ" ಎಂದಳು. ನಾನೂ ಒಳಗೊಳಗೆ ಹಾಗೇ ಅಂದುಕೊಂಡೆ. ಓದಿದವನು ಬೇರೆ! ಹೀಗೆ ಒಂದು ವರ್ಷ ಕಳೆದೆವು.

ಕೊನೆಗೆ ಅಣ್ಣ ಬಸವಣ್ಣೆಪ್ಪ ಮತ್ತು ನಾನು ಆಕೆಯನ್ನು ಬೆಳಗಾವಿಯ ನರರೋಗದ ಡಾಕ್ಟರ ಬಳಿ ಕರೆದೊಯ್ದೆವು. ರಕ್ತ ಮುಂಬೈಗೆ ಹೋಗಿ ವರದಿ ಬಂತು.

"ಸೀಕಿನ ಹುಳ ಬಂದ್ರ ಬಡಿಯಾಕ ಅಂತ ನಮ್ಮ ಮೈ ಪ್ರತಿಕಾಯ ತಯಾರ ಮಾಡತೈತಿ" ಎಂದರು ಡಾಕ್ಟರು. "ಇವರ ಮೈಯಾಗ ಅವು ದಾರಿ ತಪ್ಪ್ಯಾವು. ನರದ ಹುಕುಂ ಸ್ನಾಯುಕ್ಕ ಮುಟ್ಟೋ ಜಾಗಾನ ಹಿಡದು ಹಾಳು ಮಾಡಾಕ ಹತ್ತ್ಯಾವು. ದಣದಷ್ಟೂ ಹುಕುಂ ಕಡಿಮಿ ಮುಟ್ಟತೈತಿ."

"ಅಂದ್ರ ಬೇಲೀನ ಎದ್ದು ಹೊಲಾ ಮೇಯ್ದಂಗ ಆತಲ್ರಿ" ಎಂದ ಅಣ್ಣ.

ಪ್ರತಿಕಾಯಗಳನ್ನು ತಗ್ಗಿಸುವ ಔಷಧ ಪೂರಾ ಫಲ ಕೊಡಲು ತಿಂಗಳುಗಳೇ ಬೇಕಿದ್ದವು. ಅಲ್ಲಿಯವರೆಗೆ ಸ್ನಾಯುವಿಗೆ ಅಷ್ಟು ಹೊತ್ತಿನ ಬಲ ಕೊಡಲು ದಿನಕ್ಕೆ ಮೂರು ಗುಳಿಗೆ. ಒಂದೊಂದರ ಬಲ ಮೂರು ತಾಸು. "ಗುಳಿಗಿ ನುಂಗಿ ಅರ್ಧ ತಾಸಿಗೆ ಊಟಕ್ಕ ಕೂಡ್ರಿಸ್ರಿ. ಬಲಾ ಇಳದ ಮ್ಯಾಲ ಉಂಡ್ರ ತುತ್ತು ಉಸಿರಿನ ದಾರಿಗೆ ಹೋಗತೈತಿ, ಜೀವಕ್ಕ ಅಪಾಯ" ಎಂದು ಎರಡೆರಡು ಸಲ ಹೇಳಿದರು.

ಗುಳಿಗೆಯ ಉಸ್ತುವಾರಿ ನನ್ನದಾಯಿತು. ಮಧ್ಯಾಹ್ನದ್ದು ಹನ್ನೆರಡಕ್ಕೆ, ಒಂದು ನಿಮಿಷ ಆಚೀಚೆ ಆಗದಂತೆ ಕೊಡುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಗಂಡಸರ ಊಟವಾಗದೆ ಹೆಂಗಸರು ತಾಟಿನ ಮುಂದೆ ಕೂತಿದ್ದಿಲ್ಲ. ದಿನವೂ ನಾವು ಬೇಗ ಉಂಡೇಳುತ್ತಿದ್ದೆವು, ಅದು ಹೇಗೋ ನಡೆಯುತ್ತಿತ್ತು. ಗುಳಿಗೆಗೆ ಹೊತ್ತು ಕೊಟ್ಟೆವು, ಊಟಕ್ಕೆ ಮಾತ್ರ ಹಳೆಯ ಸರದಿಯನ್ನೇ ಕೊಟ್ಟೆವು.

೧೯೯೮ರ ಶ್ರಾವಣದ ಕಡೆಯ ಸೋಮವಾರ. ಪೂಜೆಗೆ, ಊಟಕ್ಕೆ ಹೇಳಿದ್ದ ಜಂಗಮ ಅಯ್ಯನವರು ರಾಮದುರ್ಗದಿಂದ ಬರಬೇಕು, ಬಸ್ಸು ಕೆಟ್ಟಿತ್ತು. ಎರಡು ಗಂಟೆಯಾದರೂ ಸುಳಿವಿಲ್ಲ. ವೈನಿ ಅಡುಗೆಮನೆಯ ಬಾಗಿಲಿಗೆ ಬಂದಳು.

"ಮಾಸ್ತರ್ರ, ಗುಳಿಗಿ ಇಳಿಯಾಕ ಹತ್ತೈತಿ. ಒಂದೀಟು ಅನ್ನಾ ಉಂಡುಬಿಡ್ಲೇನ್ರಿ?"

ಅವ್ವ ಒಳಗಿನಿಂದಲೇ ಸಿಡುಕಿದಳು: "ಅಯ್ಯನೋರ್ಕಿಂತ ಮೊದಲ ಎಂಜಲಾ ಮಾಡ್ತೀಯೇನ?"

ನಾನು ಇಬ್ಬರ ಮುಖವನ್ನೂ ನೋಡಿದೆ. "ಈಗ ಬಂದಬಿಡ್ತಾರ, ತಡೀರಿ ವೈನಿ" ಎಂದೆ. ಇನ್ನೊಂದು ಗುಳಿಗೆಯನ್ನಾದರೂ ಕೊಡೋಣವೆಂದರೆ ಮುಂದಿನದು ಆರಕ್ಕೆ ಎಂದು ಬರೆದಿತ್ತು, ಹೆಚ್ಚಾದರೆ ವಿಷ ಎಂದಿದ್ದರು ಡಾಕ್ಟರು.

ಅಯ್ಯನವರು ಬಂದದ್ದು ಎರಡೂವರೆಗೆ. ಅವರ ಪೂಜೆ, ಅವರ ಊಟ, ಆಮೇಲೆ ನಮ್ಮ ಪಂಕ್ತಿ. ಹೆಂಗಸರು ಕೂತಾಗ ನಾಲ್ಕು ಹೊಡೆದಿತ್ತು. ಮೂರನೆಯ ತುತ್ತಿಗೆ ವೈನಿಗೆ ಕೆಮ್ಮು ಹತ್ತಿತು, ಕೆಮ್ಮುವ ಶಕ್ತಿಯೂ ಇರಲಿಲ್ಲ. ತುಟಿ ನೀಲಿಯಾಯಿತು. ಜೀಪಿನಲ್ಲಿ ಹಾಕಿಕೊಂಡು ಓಡಿದೆವು. ಅನ್ನ ಪುಪ್ಪುಸಕ್ಕಿಳಿದು ಜ್ವರವೇರಿ ಐದನೆಯ ದಿನ ಸತ್ತಳು. ಮೂವತ್ತೊಂದು ವರ್ಷ.

ಅವ್ವ ಬಸ್ಸಿಗೆ ಶಾಪ ಹಾಕಿದಳು. ಅಣ್ಣ ಹಣೆಬರಹ ಎಂದ. ಊರು ರೋಗದ ಮೇಲೆ ಹಾಕಿತು, ನಾನೂ ಕೇಳಿದವರಿಗೆಲ್ಲ ಪ್ರತಿಕಾಯದ ಕಥೆಯನ್ನೇ ಬಿಡಿಸಿ ಹೇಳಿದೆ. ಒಂದನ್ನು ಮಾತ್ರ ಯಾರಿಗೂ ಹೇಳಿಲ್ಲ. ನಾವು ಪಂಕ್ತಿಯಲ್ಲಿ ಕೂತಿದ್ದಾಗ ಆಕೆ ಕಂಬಕ್ಕೆ ಒರಗಿ, ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು, ನಾವು ಯಾವಾಗ ಏಳುತ್ತೇವೆಂದು ನನ್ನನ್ನೇ ನೋಡುತ್ತಿದ್ದಳು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.