ಇಲಿಗೆ ಬೆಲ್ಲ ಕೊಟ್ಟಿದ್ರೇನು?

ಕಳೆದ ಭಾನುವಾರ ನಮ್ಮ ಅಪ್ಪ ಒಂದು ಇಲಿಗಾಗಿ ಮರುಗಿದರು. ನಡುನಡುವೆ ಕೆಮ್ಮುತ್ತ ಮರುಗಿದರು.

ಇಲಿ ನಮ್ಮ ಮನೆಯದಲ್ಲ. ಸೇಡಂನ ಕಾಕಾನ ಮಗಳು ಸುಧಾ ಹೈದರಾಬಾದಿನ ಲ್ಯಾಬ್ ಒಂದರಲ್ಲಿದ್ದಾಳೆ. ಇಲಿಗಳಿಗೆ ಕಲ್ಲಿನ ಧೂಳು ಉಸಿರಾಡಿಸಿ, ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಶ್ವಾಸಕೋಶ ಹೇಗೆ ಕೆಡುತ್ತದೆ ಎಂದು ನೋಡುವುದು ಅವಳ ಕೆಲಸ. ಅಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುತ್ತಾರೆ. ಧೂಳು ಇಬ್ಬರಿಗೂ ಇದೆ. ಯಂತ್ರ ಇಲಿಗೆ ಮಾತ್ರ.

ಅಪ್ಪನ ಕೆಮ್ಮಿಗೆ ಎರಡು ಮಳೆಗಾಲ ತುಂಬಿದವು. ಕಲಬುರಗಿಗೆ ಹೋಗಿ ಎದೆ ತೋರಿಸೋಣ ಎಂದರೆ ಯುಗಾದಿ ಆಗಲಿ ಎನ್ನುತ್ತಾರೆ. ಆಮೇಲೆ ಮೊಹರಂ ಆಗಲಿ. ಆಮೇಲೆ ಮಳೆ ನಿಲ್ಲಲಿ. (ತಾರೀಖು ಸಮೇತ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಈವರೆಗೆ ಏಳು ನೆಪ.) ಸುಧಾಳ ಮಾತಾದರೂ ಕೇಳಲಿ ಎಂದು ಅವಳನ್ನು ಕರೆಸಿದ್ದೆ.

ಅವಳು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಇಲಿಯ ಶ್ವಾಸಕೋಶ ಪೂರ್ತಿ ಕಪ್ಪು.

“ಅಯ್ಯ, ಪಾಪ! ಇದು ಸತ್ತೇ ಹೋಯ್ತಲ್ಲ,” ಅಂದರು ಅಪ್ಪ.

“ಇಲ್ಲ ದೊಡ್ಡಪ್ಪ, ಇದು ಛಲೋ ಇಲಿ. ಎದಿಯೊಳಗ ಬರೇ ಗಾಳಿ ಇದ್ರ ಕಪ್ಪಗ ಕಾಣ್ತದ. ಈ ಇನ್ನೊಂದು ನೋಡ್ರಿ, ಅಲ್ಲಲ್ಲಿ ಬೆಳ್ಳಗ ಅದ. ಅದು ರೋಗ. ಹೊರಗ ಏನೂ ಗೊತ್ತಾಗ್ತಿರಲಿಲ್ಲ, ಆರಾಮ ಓಡಾಡ್ತಿತ್ತು. ಮೊದಲೆಲ್ಲ ಕೊಯ್ದೇ ನೋಡಬೇಕಿತ್ತು. ಈಗ ಜೀವ ಇದ್ದಾಗಲೇ ಕಾಣ್ತದ.”

ಅಪ್ಪ ಮೊಬೈಲನ್ನು ಹತ್ತಿರ ತಂದರು, ದೂರ ಹಿಡಿದರು. ಈಗ ಒಪ್ಪಿಯೇಬಿಡುತ್ತಾರೆ ಅನ್ನಿಸಿತು.

“ಸುಧಾ, ಈ ಇಲಿಗೆ ಬೆಲ್ಲ ಕೊಟ್ಟಿದ್ರೇನು?”

“ಬೆಲ್ಲ?”

“ಕೊಟ್ಟಿಲ್ಲಲ್ಲ? ಮತ್ತ! ಅದಕ್ಕ ಬಂದದ ರೋಗ.”

ಬೆಲ್ಲದ ಸಂಗತಿ ಹೀಗಿದೆ. ಪಾಲಿಶ್ ಮಶೀನ್ ಬಂದ್ ಆದ ಮೇಲೆ ಅಪ್ಪನ ಮಾಲೀಕರು ಎಲ್ಲರ ಕೈಗೂ ಒಂದು ಚೂರು ಬೆಲ್ಲ ಇಡುತ್ತಾರೆ. ತಿಂದರೆ ಧೂಳು ಇಳಿದು ಹೋಗುತ್ತದಂತೆ. (ಮಾಸ್ಕ್‌ಗಿಂತ ಅಗ್ಗ ಎಂಬುದು ನನ್ನ ಸೇರ್ಪಡೆ.) ಗಂಟಲಿಗೆ ಹಿತ, ಸರಿ. ಆದರೆ ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಎದೆಯಲ್ಲಿ. ಎರಡೂ ಭೇಟಿಯಾಗುವುದಾದರೂ ಎಲ್ಲಿ?

ಸುಧಾ ಅದನ್ನೇ ಹೇಳಿದಳು. ಅಪ್ಪ ನಕ್ಕರು.

“ಹಂಗ ಬಾಯಿಲೆ ಹೇಳಬ್ಯಾಡವಾ. ಒಂದು ಇಲಿಗೆ ದಿನಾ ಬೆಲ್ಲ ಹಾಕು. ಅದಕ್ಕೂ ರೋಗ ಬಂತಂದ್ರ ಮರುದಿನಾನೇ ಕಲಬುರಗಿಗೆ ಬರ್ತೀನಿ. ಖರೇ!”

ಸಂಜೆ ಅವಳನ್ನು ರೈಲಿಗೆ ಬಿಡುವಾಗ (ನನಗೆ ಬೇರೆ ದಾರಿ ಎಲ್ಲಿತ್ತು?) ಕೇಳಿಯೇಬಿಟ್ಟೆ: ಒಂದೇ ಒಂದು ಇಲಿಗೆ ಬೆಲ್ಲ ಹಾಕಲು ಆಗುತ್ತದೆಯೇ?

“ತಲಿ ಕೆಟ್ಟದೇನು ನಿನಗ?” ಅಂದಳು. “ಇಲಿಗೆ ಮನಸ್ಸಿಗೆ ಬಂದಿದ್ದು ತಿನ್ನಸಾಂಗಿಲ್ಲ. ಎಥಿಕ್ಸ್ ಕಮಿಟಿ ಇರ್ತದ. ಧೂಳ ಕೊಡೋಕಿಂತ ಮೊದಲೂ ಅವರ ಪರ್ಮಿಷನ್ ತಗೋಬೇಕು. ಎಷ್ಟು ಕೊಡ್ತೀರಿ, ಯಾಕ ಕೊಡ್ತೀರಿ, ಎಲ್ಲಾ ಕೇಳ್ತಾರ.”

ಮನೆಗೆ ಬಂದು ಡೈರಿಯಲ್ಲಿ ಎಂಟನೆಯ ನೆಪ ಬರೆದೆ: ಇಲಿಯ ರಿಪೋರ್ಟ್ ಬರಲಿ. ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮುತ್ತಿದ್ದರು.

ಇಲಿಗೆ ಧೂಳು ಕೊಡಲು ಒಂದು ಕಮಿಟಿಯ ಅಪ್ಪಣೆ ಬೇಕು. ಅಪ್ಪನಿಗೆ ಕೊಡುವಾಗ ಯಾರನ್ನು ಕೇಳಿದ್ದರು?