ಅಪ್ಪನ ಸನ್ಮಾನಪತ್ರದ ಖಾಲಿ ಜಾಗ

ಎಂಬತ್ತರ ದಶಕದಲ್ಲಿ ದಾವಣಗೆರೆಯ ಒಂದು ಮಿಲ್ಲಿಗೆ ಕಂಪ್ಯೂಟರ್ ಬಂತು. ನಾನು ಕೆಲಸಕ್ಕಿದ್ದ ಸೆಕ್ಷನ್ನಿಗೆ ಅದನ್ನು ನಡೆಸಲು ಒಬ್ಬ ಸಾಹೇಬರೂ ಬಂದರು. ಮಷೀನು ಹೇಳಿದ ಮಾತು ಕೇಳುತ್ತಿತ್ತು, ಸಾಹೇಬರು ಕೇಳುತ್ತಿರಲಿಲ್ಲ.

ಮಿಲ್ಲಿನ ಕೆಲಸಕ್ಕೆಂದು ಅವರೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ಅದರಲ್ಲಿ ಪತ್ರ ತಯಾರಿಸಬೇಕೆಂದರೆ ವಾಕ್ಯದ ತುಂಡು, ಹೆಸರು, ಮತ್ತೊಂದು ತುಂಡು ಎಂದು ಪ್ಲಸ್ ಚಿಹ್ನೆ ಹಾಕಿ ಜೋಡಿಸಬೇಕಿತ್ತು. ಬೇಸರದ ಕೆಲಸ, ನಿಜ. ಅದಕ್ಕೇ ಹೊಸ ಸೌಲಭ್ಯ ಸೇರಿಸಿದರು: ಪತ್ರವನ್ನು ಪೂರ್ತಿ ಬರೆದು ನಡುನಡುವೆ ಕಂಸದಲ್ಲಿ ‘ಹೆಸರು’, ‘ಹೆಂಡತಿ’ ಎಂದು ಗುರುತಿಟ್ಟರೆ ಸಾಕು, ಮಷೀನು ಆಯಾ ನೌಕರನ ವಿವರ ತಂದು ತುಂಬುತ್ತದೆ. ಒಳ್ಳೆಯದೇ. ಆದರೆ ವಿವರವೇ ಇಲ್ಲದಿದ್ದರೆ?

“ಅಲ್ಲಿಗೇ ನಿಲ್ಲಿಸ್ರಿ ಸರ್,” ಎಂದೆ.

“ಒಬ್ಬನ ಸಲುವಾಗಿ ಎಲ್ರ ಪತ್ರನೂ ನಿಂತ್ರೆ ಮಾಲೀಕರಿಗೆ ನೀನು ಉತ್ರ ಕೊಡ್ತೀಯೇನು?”

“ಖಾಲಿನಾದ್ರೂ ಬಿಡ್ರಿ.”

“ಹಲ್ಲು ಬಿದ್ದಂಗೆ ಕಾಣ್ತೈತೆ. ಮೆಮೊರಿಯಾಗೆ ಹಿಂದಿನ ಪತ್ರದವನ ವಿವರ ಇರ್ತೈತಲ್ಲ, ಅದೇ ಬರ್ಲಿ ಬಿಡು. ನೋಡಾಕೆ ಚಂದ.”

ನೋಡಲು ಚಂದವಂತೆ! ಸುಡಲಿ ಆ ಚಂದ.

ನನಗಿದ್ದ ಚಿಂತೆ ಅಪ್ಪನದು. ಅದೇ ಮಿಲ್ಲಿನ ನೂಲುವ ವಿಭಾಗದಿಂದ ಅವನು ನಿವೃತ್ತನಾಗುವವನಿದ್ದ. ಸನ್ಮಾನಪತ್ರವನ್ನು ವೇದಿಕೆಯ ಮೇಲೆ ಓದುತ್ತಾರೆ; ತೀರಿಹೋದ ಅವ್ವನ ಹೆಸರು ಅದರಲ್ಲಿ ಬರಬೇಕೆಂಬುದೊಂದೇ ಅವನ ಆಸೆ. ನಾವಿಬ್ಬರೂ ಹರಿಹರದಿಂದ ರೈಲಿನಲ್ಲಿ ಕೆಲಸಕ್ಕೆ ಬರುವಾಗ ಮತ್ತೆ ಮತ್ತೆ ಕೇಳುತ್ತಿದ್ದ: “ನಿಮ್ಮವ್ವನ ಹೆಸ್ರು ಓದ್ತಾರೇನಪಾ?” ಮಿಲ್ಲಿನವರು ಸತ್ತವರ ಹೆಸರನ್ನು ದಾಖಲೆಯಿಂದಲೇ ತೆಗೆದುಬಿಟ್ಟಿದ್ದರು. ಇದೊಂದು ಪತ್ರವನ್ನು ಕೈಯಲ್ಲೇ ಟೈಪ್ ಮಾಡಿಸಿ ಎಂದು ಸಾಹೇಬರ ಬಳಿ ಅಂಗಲಾಚಿದೆ. “ನೋಡಾಣ ಬಿಡು,” ಎಂದರು. ನೋಡಿದರು, ಪುಣ್ಯಾತ್ಮರು!

ಸಮಾರಂಭದಲ್ಲಿ ಮ್ಯಾನೇಜರು ಮಷೀನಿನ ಇಂಗ್ಲಿಷ್ ಪತ್ರವನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದರು. ಅಪ್ಪನ ಹೆಂಡತಿಯ ಜಾಗದಲ್ಲಿ ಬಂದದ್ದು, ಅವನಿಗಿಂತ ಮುಂಚೆ ಸನ್ಮಾನವಾದ, ಅವನ ಗೆಳೆಯರೇ ಆದ ಮುಸ್ಲಿಂ ಫಿಟ್ಟರ್ ಒಬ್ಬರ ಹೆಂಡತಿಯ ಹೆಸರು. ಆಕೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಜನ ಹೋ ಎಂದು ನಕ್ಕರು. ಸಾಹೇಬರೂ ನಕ್ಕರು, ಮಾನಗೆಟ್ಟ ಮನುಷ್ಯ.

ಅಪ್ಪ ಎದ್ದು ಮೈಕಿನ ಹತ್ತಿರ ಹೋದ. “ಅವ್ರು ನಮ್ ಭಾಬಿ ರೀ, ಅತ್ತಿಗಿ ಇದ್ದಂಗೆ. ನಮ್ಮನೆಯಾಕಿ ಹೆಸ್ರು ಬ್ಯಾರೆ ಐತೆ,” ಎಂದ. ಆಮೇಲೆ ಅವ್ವನ ಹೆಸರು ಹೇಳಿದ. ಅವಳು ಬದುಕಿದ್ದಷ್ಟು ಕಾಲ “ಏನೇ” ಎಂದಷ್ಟೇ ಕರೆದವನು ಅವನು. ಆ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು, ಅದೂ ಒಂದು ತಿದ್ದುಪಡಿಯಾಗಿ.